ಕಾಲು ಭಾಗ ಮಕ್ಕಳಿಗೆ

ಹೋದ ವಾರ ಮಗಳ ಶಾಲೆಯಿಂದ ಮೆಸೇಜ್ ಬಂತು. ಗುರುವಾರ ಬೆಳಿಗ್ಗೆ ಇಡೀ ತರಗತಿ ಸಿನಿಮಾಕ್ಕೆ ಹೋಗ್ತಾ ಇದೆ, ಬುತ್ತಿ ಕಟ್ಟಿ ಕಳಿಸಿ, ಮಳೆ ಕೋಟು ಮರೀಬೇಡಿ ಅಂತ. ಚಪಾತಿ ಸುತ್ತಿ ಕಳಿಸಿದೆವು. ಸಂಜೆ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಕೇಳಿದಳು: "ಅಪ್ಪಾ, ಆ ಹುಡುಗ ಅಮ್ಮನ ಹತ್ರ ನಿಜ ಹೇಳೋಕೆ ಒಳಗೆ ಹೋಗ್ತಾನೆ. ಕ್ಯಾಮೆರಾ ಯಾಕೆ ಒಳಗೆ ಹೋಗಲ್ಲ? ಬಾಗಿಲ ಹೊರಗೇ ಯಾಕೆ ನಿಂತ್ಕೊಳ್ಳುತ್ತೆ?"

ಅವಳಿಗೆ ಹತ್ತು ವರ್ಷ. ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಬೆಂಗಳೂರಿನ ಒಂದು ಚಿತ್ರ ಸಮಾಜದಲ್ಲಿ, ಕಬ್ಬಿಣದ ಮಡಚು ಕುರ್ಚಿ ಮೇಲೆ ಕೂತು ಮೂರ್ನಾಲ್ಕು ವರ್ಷ ಸಿನಿಮಾ ನೋಡಿದ ಮೇಲೆ.

ಕೋಪನ್‌ಹೇಗನ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಊರಿಗೆ ಹೋದಾಗೆಲ್ಲ ಸಿನಿಮಾ ಹುಚ್ಚಿನ ಗೆಳೆಯರು ಒಂದೇ ಮಾತು ಕೇಳ್ತಾರೆ. ಡೆನ್ಮಾರ್ಕ್ ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ದೇಶ, ಸುಮಾರು 60 ಲಕ್ಷ. ನಾಲ್ಕು ಸಲ ವಿದೇಶಿ ಭಾಷಾ ಚಿತ್ರದ ಆಸ್ಕರ್ ಹೇಗೆ ಬಂತು? ನಿರ್ದೇಶಕ ಬಿಲ್ಲೆ ಆಗಸ್ಟ್ ಒಬ್ಬರಿಗೇ ಎರಡು ಸಲ ಕಾನ್ ಚಿತ್ರೋತ್ಸವದ ಚಿನ್ನದ ಗರಿ ಹೇಗೆ ಸಿಕ್ಕಿತು? ಏನಪ್ಪಾ ಗುಟ್ಟು? ಉತ್ತರವನ್ನೂ ಅವರೇ ಕೊಟ್ಟುಬಿಡ್ತಾರೆ: ಡಾಗ್ಮೆ, ಅಂದರೆ ಆಡಂಬರ ಬಿಟ್ಟು ಸಿನಿಮಾ ಮಾಡೋಕೆ ಲಾರ್ಸ್ ವಾನ್ ಟ್ರಿಯರ್ ಮತ್ತು ಗೆಳೆಯರು 1995ರಲ್ಲಿ ಹಾಕಿಕೊಂಡ ಆ ಹತ್ತು ನಿಯಮ.

ನನ್ನ ಉತ್ತರ ಬೇರೆ. 1982ರ ಸಿನಿಮಾ ಕಾಯ್ದೆ. ಸರ್ಕಾರ ಸಿನಿಮಾಕ್ಕೆ ಕೊಡುವ ಹಣದಲ್ಲಿ ಕನಿಷ್ಠ 25 ಪ್ರತಿಶತ ಮಕ್ಕಳ ಮತ್ತು ಹದಿಹರೆಯದವರ ಚಿತ್ರಗಳಿಗೆ ಹೋಗಲೇಬೇಕು ಅಂತ ಅದರಲ್ಲಿ ಬರೆದರು. ಉಳಿದರೆ ಕೊಡೋಣ ಅಂತಲ್ಲ. ಮೊದಲೇ ಎತ್ತಿಡಬೇಕು.

ಇದರ ಬೆಲೆ ಗೊತ್ತಾಗಬೇಕಾದರೆ ಇಲ್ಲಿ ಹಣ ಹೇಗೆ ಸಿಗುತ್ತೆ ಅನ್ನೋದು ಗೊತ್ತಿರಬೇಕು. ಡ್ಯಾನಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಲಹೆಗಾರರು ಅಂತ ಇರ್ತಾರೆ. ಅವರು ಗುಮಾಸ್ತರಲ್ಲ, ಸಿನಿಮಾ ಬಲ್ಲವರು. ಕೆಲವೇ ವರ್ಷದ ಅವಧಿಗೆ ಬರ್ತಾರೆ, ಆಮೇಲೆ ಹೋಗ್ತಾರೆ. ನಿಮ್ಮ ಚಿತ್ರಕಥೆ ಓದಿ, ನಿಮ್ಮ ಜೊತೆ ಕೂತು ಮಾತಾಡಿ, ಇದಕ್ಕೆ ದುಡ್ಡು ಕೊಡಬಹುದು ಅಂತ ಶಿಫಾರಸು ಮಾಡ್ತಾರೆ. ಒಬ್ಬರ ರುಚಿ, ಒಬ್ಬರ ಹೊಣೆ. ಮಕ್ಕಳ ಚಿತ್ರಕ್ಕೆ ಪ್ರತ್ಯೇಕ ಸಲಹೆಗಾರರು. ಹಾಗಾಗಿ ಮಕ್ಕಳ ಕಥೆ ಹಿಡಿದುಕೊಂಡು ಹೋದವನು ದೊಡ್ಡವರ ಕಥೆಗಳ ಸಾಲಿನ ಕೊನೆಯಲ್ಲಿ ನಿಂತು ಕಾಯಬೇಕಾಗಿಲ್ಲ.

ಪರಿಣಾಮ? ಇಲ್ಲಿನ ದೊಡ್ಡ ನಿರ್ದೇಶಕರ ಹಳೇ ಕೆಲಸ ತೆಗೆದು ನೋಡಿ, ಎಲ್ಲಿ ಕೈ ಹಾಕಿದರೂ ಒಂದು ಮಗು ಸಿಗುತ್ತೆ. ಬಿಲ್ಲೆ ಆಗಸ್ಟ್ ಆಸ್ಕರ್ ಗೆದ್ದ 'ಪೆಲ್ಲೆ' ಮಾಡುವ ಮೊದಲು 'ಝಪ್ಪಾ', 'ಬುಸ್ಟರನ ಲೋಕ' ಅಂತ ಹುಡುಗರ ಚಿತ್ರಗಳನ್ನೇ ಮಾಡ್ತಾ ಇದ್ದವರು. ವಿಂಟರ್‌ಬೆರ್ಗ್ 1994ರಲ್ಲಿ ಮಾಡಿದ ಕಿರುಚಿತ್ರ, ಅಣ್ಣನನ್ನು ಕಳಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುವ ಹುಡುಗನದ್ದು. ಡಾಗ್ಮೆಯ ಮೂರನೇ ಚಿತ್ರ 'ಮಿಫುನೆ'ಗೆ 1999ರಲ್ಲಿ ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ತಂದ ಸೋರೆನ್ ಕ್ರಾಗ್-ಯಾಕೊಬ್ಸೆನ್ ಅದಕ್ಕೂ ಹದಿನೆಂಟು ವರ್ಷ ಮೊದಲು, ಅಂದರೆ ಕಾಯ್ದೆಗೂ ಒಂದು ವರ್ಷ ಮುಂಚೆಯೇ, 'ಗುಮ್ಮಿ ಟಾರ್ಜನ್' ಮಾಡಿದ್ದರು. ಶಾಲೆಯಲ್ಲಿ ಎಲ್ಲರ ಕೈಲೂ ಒದೆ ತಿನ್ನುವ ಪುಟ್ಟ ಈವಾನ್, ಮಗ ಟಾರ್ಜನ್ ಆಗಬೇಕು ಅನ್ನುವ ಅಪ್ಪ, ಬಂದರಿನಲ್ಲಿ ಸಿಗುವ ಒಬ್ಬ ಕ್ರೇನ್ ಡ್ರೈವರ್. ಇಷ್ಟೇ ಕಥೆ. ಆ ಹುಡುಗ ಕ್ರೇನಿನ ಮೇಲೆ ಹತ್ತಿ ಕೂತ ಕ್ಷಣ ನಮ್ಮ ಮನೆಯ ಸೋಫಾ ಮೇಲಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತೆವು.

ಕಾಯ್ದೆ ಬರುವ ಮೊದಲೂ ಈ ಗುಣ ಇತ್ತು, ಅದನ್ನು ಹೇಳಲೇಬೇಕು. ಆಸ್ಟ್ರಿಡ್ ಹೆನಿಂಗ್-ಯೆನ್ಸೆನ್ ಅನ್ನುವ ನಿರ್ದೇಶಕಿ 1949ರಲ್ಲೇ 'ಪಲ್ಲೆ ಒಬ್ಬನೇ' ಅನ್ನೋ ಕಥೆಯನ್ನು ಕಿರುಚಿತ್ರ ಮಾಡಿದರು. ಪುಟ್ಟ ಪಲ್ಲೆ ಬೆಳಿಗ್ಗೆ ಎದ್ದು ನೋಡಿದರೆ ಇಡೀ ಊರಲ್ಲಿ ಯಾರೂ ಇಲ್ಲ. ಟ್ರಾಮ್ ಓಡಿಸ್ತಾನೆ, ಮಿಠಾಯಿ ಅಂಗಡಿಗೆ ನುಗ್ತಾನೆ, ಬೇಕಾದ್ದೆಲ್ಲ ಅವನದೇ. ಸ್ವಲ್ಪ ಹೊತ್ತಿಗೆ ಯಾವುದೂ ಬೇಡ ಆಗುತ್ತೆ. ಪಲ್ಲೆಯಾಗಿ ನಟಿಸಿದ್ದು ಆಕೆಯ ಮಗನೇ. ಯುದ್ಧ ಮುಗಿದು ನಾಲ್ಕೇ ವರ್ಷ ಆಗಿದ್ದಾಗ, ಜರ್ಮನರು ಬಿಟ್ಟುಹೋದ ನಗರದ ಖಾಲಿ ಬೀದಿಯಲ್ಲಿ ಒಂದು ಮಗುವನ್ನು ಒಂಟಿಯಾಗಿ ನಡೆಸೋದು ಅಂದರೆ ಏನು ಅಂತ ನನಗೆ ಅರ್ಥ ಆದದ್ದು ನಾಲ್ಕನೇ ಸಲ ನೋಡಿದಾಗ.

ಈಗ ಆ ವಿಂಟರ್‌ಬೆರ್ಗ್ ಅವರ 'ಫೆಸ್ಟನ್'ಗೆ ಬರ್ತೀನಿ. 1998. ಎಲ್ಲರೂ ಅದನ್ನು ಡಾಗ್ಮೆಯ ಮೊದಲ ಚಿತ್ರ ಅಂತ ನೆನಪಿಟ್ಟುಕೊಂಡಿದ್ದಾರೆ. ಕೈಯಲ್ಲೇ ಹಿಡಿದ ಪುಟ್ಟ ವಿಡಿಯೊ ಕ್ಯಾಮೆರಾ, ಹೊರಗಿನಿಂದ ತಂದ ಲೈಟಿಲ್ಲ, ಆಮೇಲೆ ಸೇರಿಸಿದ ಸಂಗೀತ ಇಲ್ಲ, ನಿರ್ದೇಶಕನ ಹೆಸರೂ ಹಾಕುವಂತಿಲ್ಲ. ಎಲ್ಲ ಸರಿ. ಆದರೆ ಕಥೆ ಏನು? ಅಪ್ಪನ 60ನೇ ಹುಟ್ಟುಹಬ್ಬ. ದೊಡ್ಡ ಮನೆ, ಉದ್ದನೆ ಊಟದ ಮೇಜು, ತುಂಬಾ ನೆಂಟರು. ಹಿರಿಮಗ ಎದ್ದು ನಿಂತು ಗ್ಲಾಸಿಗೆ ಚಮಚ ತಟ್ಟುತ್ತಾನೆ. ಎರಡು ಭಾಷಣ ಬರೆದು ತಂದಿದ್ದೀನಿ, ಒಂದು ಹಸಿರು, ಒಂದು ಹಳದಿ, ಯಾವುದು ಬೇಕು ಅಂತ ಅಪ್ಪನನ್ನೇ ಕೇಳ್ತಾನೆ. ಅಪ್ಪ ಹಸಿರು ಅಂತಾನೆ. ಆಗ ಆ ಮಗ, ಚಿಕ್ಕಂದಿನಲ್ಲಿ ತನಗೂ ತನ್ನ ಅವಳಿ ತಂಗಿಗೂ ಅಪ್ಪ ಏನು ಮಾಡುತ್ತಿದ್ದ ಅನ್ನೋದನ್ನು ಮದುವೆ ಮನೆಯಲ್ಲಿ ಮಾತಾಡುವಷ್ಟೇ ಸಲೀಸಾಗಿ ಹೇಳ್ತಾನೆ. ಆ ತಂಗಿ ಈಗ ಬದುಕಿಲ್ಲ.

ಭಯಾನಕವಾದದ್ದು ಆ ಮಾತಲ್ಲ, ಅದರ ನಂತರದ ಎರಡು ನಿಮಿಷ. ಊಟ ಮುಂದುವರಿಯುತ್ತೆ. ಯಾರೋ ಕೆಮ್ಮುತ್ತಾರೆ, ಯಾರೋ ಪಕ್ಕದವರ ಹತ್ರ ಬೇರೆ ಮಾತು ತೆಗೀತಾರೆ. ಅಡುಗೆಮನೆಯವರು ಮಾತ್ರ ನಂಬ್ತಾರೆ. ಅವರು ನೆಂಟರ ಕಾರಿನ ಕೀಲಿಗಳನ್ನೆಲ್ಲ ಬಚ್ಚಿಡ್ತಾರೆ, ಯಾರೂ ಎದ್ದು ಹೋಗಬಾರದು ಅಂತ. ನಮ್ಮ ಮನೆಗಳ ಊಟದ ಪಂಕ್ತಿಯಲ್ಲಿ ಹೀಗೆ ಎಷ್ಟು ಮಾತುಗಳು ಅನ್ನದ ಜೊತೆ ನುಂಗಿ ಹೋಗಿವೆ ಅಂತ ಆ ರಾತ್ರಿ ಯೋಚಿಸ್ತಾ ನಿದ್ದೆ ಬರಲಿಲ್ಲ. ಕೇಳಿಸಿಕೊಳ್ಳುವವರಿಲ್ಲದ ಮಗುವಿನ ಸಿನಿಮಾ ಅದು, ಮಗುವಿಗೆ ಮೂವತ್ತು ದಾಟಿದೆ ಅಷ್ಟೇ. ಲೈಟು, ಸಂಗೀತ, ಸೆಟ್ಟು ಎಲ್ಲ ಕಿತ್ತು ಹಾಕಿದ ನಿಯಮಗಳು ಇಲ್ಲಿ ಕೆಲಸ ಮಾಡಿದ್ದೇ ಅದಕ್ಕೆ. ಆ ಲೈಟು, ಸಂಗೀತವೆಲ್ಲ ದೊಡ್ಡವರು ಮುಖ ಮುಚ್ಚಿಕೊಳ್ಳುವ ಬಟ್ಟೆಗಳು.

ಆ ಚಿತ್ರ ಬಂದ ಮೇಲೆ ಒಂದು ಚಳಿಗಾಲದ ರಾತ್ರಿ ವಿಂಟರ್‌ಬೆರ್ಗ್ ಮನೆ ಬಾಗಿಲು ಬಡಿದವರು ಒಬ್ಬ ಮಕ್ಕಳ ಮನಶ್ಶಾಸ್ತ್ರಜ್ಞ. ಕೈಯಲ್ಲಿ ಕಾಗದದ ಕಟ್ಟು. ನೀವು ಒಂದು ಕಡೆ ಹೇಳಿದಿರಿ, ಇನ್ನೊಂದು ಕಡೆಯೂ ಇದೆ, ಓದಿ ಅಂದರು. ಇವರು ವರ್ಷಗಟ್ಟಲೆ ಅದನ್ನು ಮುಟ್ಟಲಿಲ್ಲ. ಕೊನೆಗೆ ಓದಿದಾಗ ಹುಟ್ಟಿದ್ದು 2012ರ 'ಯಾಗ್ಟನ್'. ಶಿಶುವಿಹಾರದ ಮೇಷ್ಟ್ರ ಮೇಲೆ ಪುಟ್ಟ ಹುಡುಗಿಯೊಬ್ಬಳು ಕೋಪದಲ್ಲಿ ಒಂದು ಸುಳ್ಳು ಹೇಳ್ತಾಳೆ, ಇಡೀ ಊರು ಅವನ ಮೇಲೆ ಬೀಳುತ್ತೆ. ಮಾಡ್ಸ್ ಮಿಕೆಲ್ಸೆನ್‌ಗೆ ಕಾನ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದ ಪಾತ್ರ. ನನಗೆ ನೆನಪಿರೋದು ಆ ಹುಡುಗಿ ಕ್ಲಾರಾ. ನೆಲದ ಗೆರೆ ತುಳಿಯದ ಹಾಗೆ ಹೆಜ್ಜೆ ಇಡೋ ಹಟ ಅವಳದು. ತಲೆ ಬಗ್ಗಿಸಿಕೊಂಡೇ ನಡೀತಾಳೆ, ಅದಕ್ಕೇ ದಾರಿ ತಪ್ಪಿಸಿಕೊಳ್ತಾಳೆ. ಮೂಗು ಸೊಟ್ಟ ಮಾಡ್ತಾಳೆ. ವಿಚಾರಿಸುವ ದೊಡ್ಡವರು ಅವಳ ಬಾಯಿಗೆ ಮಾತು ತುರುಕ್ತಾರೆ, ಅವಳು ಆಟಕ್ಕೆ ಹೋಗಬೇಕು ಅಂತ ತಲೆ ಆಡಿಸಿಬಿಡ್ತಾಳೆ. ಒಂದೇ ಒಂದು ಸಲವೂ ಸಿನಿಮಾ ಅವಳನ್ನು ಕೆಟ್ಟವಳನ್ನಾಗಿ ಮಾಡಲ್ಲ. ಮಕ್ಕಳ ಜೊತೆ ಕೆಲಸ ಮಾಡಿದ ಅಭ್ಯಾಸ ಇಲ್ಲದ ಚಿತ್ರರಂಗಕ್ಕೆ ಈ ಕ್ಲಾರಾ ದಕ್ಕುವವಳಲ್ಲ.

ಸುಸಾನ್ನೆ ಬೀರ್‌ಗೆ 2011ರಲ್ಲಿ ಆಸ್ಕರ್ ತಂದ ಚಿತ್ರದ ಡ್ಯಾನಿಶ್ ಹೆಸರು 'ಹೆವ್ನನ್', ಅಂದರೆ ಸೇಡು. ಅಲ್ಲೂ ನಡುಬಿಂದು ಇಬ್ಬರು ಶಾಲಾ ಹುಡುಗರೇ. 'ಉಂಡರ್ ಸಾಂಡೆಟ್'ನಲ್ಲಿ ಯುದ್ಧ ಮುಗಿದ ಮೇಲೆ ಕಡಲತೀರದ ಮರಳಿನಿಂದ ನೆಲಬಾಂಬು ಬರಿಗೈಯಲ್ಲಿ ತೆಗೆಯುವವರು ಮೀಸೆ ಮೂಡದ ಜರ್ಮನ್ ಕೈದಿ ಹುಡುಗರು. ಡೆನ್ಮಾರ್ಕ್ ತನ್ನ ತಪ್ಪನ್ನು ತಾನೇ ತೋರಿಸಿಕೊಂಡ ಸಿನಿಮಾ ಅದು.

ಇನ್ನು ಪ್ರಶಸ್ತಿಗಳ ವಿಷಯ. ಇಲ್ಲಿ ಎರಡಿವೆ. 'ಬೋದಿಲ್' 1948ರಲ್ಲಿ ಶುರುವಾದದ್ದು, ಕೊಡುವವರು ವಿಮರ್ಶಕರು. ಬೋದಿಲ್ ಇಪ್ಸೆನ್, ಬೋದಿಲ್ ಕ್ಯಾರ್ ಅನ್ನುವ ಇಬ್ಬರು ನಟಿಯರ ಹೆಸರು ಅದು. ಇಪ್ಸೆನ್ ನಟಿ ಮಾತ್ರ ಅಲ್ಲ, ನಿರ್ದೇಶಕಿ ಕೂಡ. ನಾಜಿಗಳ ವಿರುದ್ಧದ ಭೂಗತ ಹೋರಾಟದ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ಆಕೆ ಮಾಡಿದ ಚಿತ್ರಕ್ಕೆ 1946ರ ಕಾನ್‌ನಲ್ಲಿ ದೊಡ್ಡ ಬಹುಮಾನ ಬಂದಿತ್ತು. ಒಂದು ದೇಶದ ಚಿತ್ರ ಪ್ರಶಸ್ತಿಗೆ ಬದುಕಿದ್ದ ಇಬ್ಬರು ಹೆಂಗಸರ ಹೆಸರು, ಅದೂ 1948ರಲ್ಲಿ. ಇನ್ನೊಂದು 'ರೋಬರ್ಟ್', 1984ರಿಂದ. ಪ್ರತಿಮೆ ಮಾಡಿಕೊಟ್ಟ ಶಿಲ್ಪಿ ರೋಬರ್ಟ್ ಯಾಕೊಬ್ಸೆನ್ ಹೆಸರು. ಇದನ್ನು ಕೊಡೋದು ಚಿತ್ರರಂಗದವರೇ ಇರುವ ಡ್ಯಾನಿಶ್ ಫಿಲ್ಮ್ ಅಕಾಡೆಮಿ. ರೋಬರ್ಟ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಚಿತ್ರಕ್ಕೆ ಬೇರೆಯೇ ಪ್ರಶಸ್ತಿ ಇದೆ.

ಎರಡರಲ್ಲಿ ನನ್ನ ಒಲವು ಬೋದಿಲ್ ಕಡೆಗೆ. ಹಿಂದೆ ಕೆಲವು ವರ್ಷ ವಿಮರ್ಶಕರು, ಈ ಸಲ ಯಾವ ಚಿತ್ರವೂ ಯೋಗ್ಯ ಇಲ್ಲ ಅಂತ ಶ್ರೇಷ್ಠ ಚಿತ್ರ ಪ್ರಶಸ್ತಿಯನ್ನು ಕೊಡದೇ ಬಿಟ್ಟದ್ದಿದೆ. ಸಣ್ಣ ಊರು, ಎಲ್ಲರೂ ಎಲ್ಲರಿಗೂ ಗೊತ್ತು, ಮರುದಿನ ಅದೇ ಬೇಕರಿಯಲ್ಲಿ ಮುಖಾಮುಖಿ ಆಗಬೇಕು. ಅಂಥಲ್ಲಿ 'ಇಲ್ಲ' ಅನ್ನೋದಕ್ಕೆ ಎದೆ ಬೇಕು. ರೋಬರ್ಟ್ ಬಗ್ಗೆ ಪ್ರೀತಿ ಹುಟ್ಟಿಸಿದ್ದು ಅದರ ಮೊಟ್ಟಮೊದಲ ವಿಜೇತ ನಿಲ್ಸ್ ಮಾಲ್ಮ್‌ರೋಸ್. ಗೆದ್ದ ಚಿತ್ರ ಹದಿನಾರರ ಮಗಳು ಮತ್ತು ಅವಳನ್ನು ಕೈಬಿಡಲಾರದ ಅಪ್ಪನದ್ದು. ಅದಕ್ಕೆ ಮೊದಲು ಆತ ಒಂದು ತರಗತಿಯ ಮಕ್ಕಳನ್ನು ಇಟ್ಟುಕೊಂಡು ಎರಡು ವರ್ಷ ಎಳೆದು ಎಳೆದು ಚಿತ್ರೀಕರಣ ಮಾಡಿದ್ದರು. ಮಕ್ಕಳು ತೆರೆಯ ಮೇಲೆ ನಿಜವಾಗಿಯೂ ಉದ್ದ ಆಗ್ತಾರೆ, ದನಿ ಒಡೆಯುತ್ತೆ. ನಮ್ಮಲ್ಲಿ ಯಾವ ನಿರ್ಮಾಪಕ ಎರಡು ವರ್ಷ ಕಾಯ್ತಾನೆ ಹೇಳಿ.

ನಮ್ಮಲ್ಲಿ ಅಂತ ಬಂದಿತಲ್ಲ, ಅದನ್ನೂ ಹೇಳಿಬಿಡ್ತೀನಿ. ಕಡೂರಿನಲ್ಲಿ ನಮ್ಮನ್ನೂ ಶಾಲೆಯಿಂದ ಸಿನಿಮಾಕ್ಕೆ ಕರಕೊಂಡು ಹೋಗಿದ್ದರು. ಇಬ್ಬಿಬ್ಬರು ಕೈ ಹಿಡ್ಕೊಂಡು ಸಾಲಾಗಿ ಹೋದದ್ದು, ಟಾಕೀಸಿನ ಕತ್ತಲೆ, ಕಡಲೆಕಾಯಿ ಸಿಪ್ಪೆ ಎಲ್ಲ ನೆನಪಿದೆ. ಮರುದಿನ ಮೇಷ್ಟ್ರು ಆ ಸಿನಿಮಾದ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದೂ ನೆನಪಿದೆ. ಈಗಲೂ ರಾಜ್ಯ ಪ್ರಶಸ್ತಿಯಲ್ಲಿ ಮಕ್ಕಳ ಚಿತ್ರಕ್ಕೆ ಜಾಗ ಇದೆ. ಗೆದ್ದವರ ಹೆಸರು ಪೇಪರಿನಲ್ಲಿ ಬರುತ್ತೆ. ಆ ಚಿತ್ರವನ್ನು ನನ್ನ ತಂಗಿಯ ಮಕ್ಕಳಿಗೆ ತೋರಿಸೋಣ ಅಂತ ಹುಡುಕಿದರೆ ಥಿಯೇಟರಲ್ಲೂ ಇಲ್ಲ, ಫೋನಲ್ಲೂ ಇಲ್ಲ. ಮಕ್ಕಳು ನೋಡದ ಮಕ್ಕಳ ಸಿನಿಮಾ ಯಾರಿಗೆ? ನನಗೆ ನಿಜಕ್ಕೂ ಸಂಕಟ ಆಗುತ್ತೆ. ಇಲ್ಲಿ ಸರ್ಕಾರ ಸಿನಿಮಾ ಮಾಡಿಸಿ ಸುಮ್ಮನಾಗಲ್ಲ. ಶಾಲೆಯನ್ನು ಥಿಯೇಟರಿಗೆ ಕರೆಸುತ್ತೆ, ಮೇಷ್ಟ್ರ ಕೈಗೆ ಪಾಠದ ಸಾಮಗ್ರಿ ಕೊಡುತ್ತೆ. ಇಲ್ಲಿಯ ಮಕ್ಕಳ ಚಿತ್ರಗಳೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಬುದ್ಧಿ ಹೇಳೋಕೇ ಹುಟ್ಟಿದಂಥವೂ ಇವೆ, ಮಗಳೇ ಆಕಳಿಸಿದ್ದಾಳೆ. ಆದರೆ ಹತ್ತು ಮಾಡಿದರೆ ತಾನೇ ಎರಡು ನಿಲ್ಲೋದು.

ಗೋಥರ್ಸ್‌ಗೇಡ್ ಬೀದಿಯಲ್ಲಿ ಸಿನೆಮಾಟೆಕೆಟ್ ಇದೆ, ರಾಜನ ತೋಟದ ಎದುರಿಗೆ. ಅಲ್ಲಿನ ಮೂರು ತೆರೆಗಳ ಹೆಸರು ಕಾರ್ಲ್, ಆಸ್ಟಾ, ಬೆಂಜಮಿನ್. ಮನೆಯವರನ್ನು ಕರೆದ ಹಾಗೆ ಮೊದಲ ಹೆಸರಿಂದಲೇ. ಕಾರ್ಲ್ ಅಂದರೆ ಹಳೇ ಕಾಲದ ದೊಡ್ಡ ನಿರ್ದೇಶಕ ಡ್ರೇಯರ್. ಅಲ್ಲಿ 'ಓರ್ಡೆಟ್' ನೋಡಿದ ದಿನ ಹೊರಗೆ ಬಂದು ತೋಟದ ಬೆಂಚಿನ ಮೇಲೆ ತುಂಬಾ ಹೊತ್ತು ಕೂತಿದ್ದೆ. 1955ರಲ್ಲಿ ವೆನಿಸ್‌ನ ಚಿನ್ನದ ಸಿಂಹ ಪಡೆದ ಚಿತ್ರ, ಅದೇ ವರ್ಷ ಬೋದಿಲ್ ಕೂಡ. ಮನೆಯ ಸೊಸೆ ಇಂಗರ್ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ. ಆ ಪಾತ್ರ ಮಾಡಿದ ಬಿರ್ಗಿಟ್ಟೆ ಫೆಡರ್‌ಸ್ಪೀಲ್ ಆಗ ನಿಜವಾಗಿಯೂ ಬಸುರಿ. ಆಕೆಯ ಹೆರಿಗೆ ನೋವಿನ ದನಿಯನ್ನೇ ಡ್ರೇಯರ್ ಧ್ವನಿಮುದ್ರಿಸಿ ಚಿತ್ರದಲ್ಲಿ ಬಳಸಿದರು. ಪೆಟ್ಟಿಗೆಯ ಸುತ್ತ ಅಪ್ಪ, ಗಂಡ, ಪಾದ್ರಿ, ಡಾಕ್ಟರ್ ಎಲ್ಲ ನಿಂತಿದ್ದಾರೆ, ಎಲ್ಲರೂ ದೇವರ ಬಗ್ಗೆ ಎರಡು ಗಂಟೆ ವಾದ ಮಾಡಿದವರು. ಆಗ ಇಂಗರ್‌ಳ ಪುಟ್ಟ ಮಗಳು ಮಾರೆನ್ ಚಿಕ್ಕಪ್ಪ ಯೋಹಾನೆಸ್‌ನ ಕೈ ಹಿಡಿದುಕೊಂಡು, ಅಮ್ಮನನ್ನು ಎಬ್ಬಿಸೋಕೆ, ಬೇಗ ಮಾಡು ಅಂತಾಳೆ. ಅಂಗಡಿಗೆ ಹೋಗೋಕೆ ತಡ ಆಯ್ತು ಅನ್ನುವ ದನಿ. ಅವಳ ಮುಖದಲ್ಲಿ ನಗು. ಇಂಗರ್‌ಳ ಬೆರಳು ಅಲುಗಾಡುತ್ತೆ.

ಆ ಕೋಣೆಯಲ್ಲಿ ನಂಬಿದ್ದು ಒಂದು ಮಗು ಮಾತ್ರ. ಮೂವತ್ತೆರಡು ವರ್ಷದ ನಂತರ ಅದೇ ಫೆಡರ್‌ಸ್ಪೀಲ್ ಮುದುಕಿಯಾಗಿ 'ಬಾಬೆಟ್‌ನ ಔತಣ'ದಲ್ಲಿ ಬರ್ತಾರೆ, ಪಕ್ಕದಲ್ಲಿ ಅಕ್ಕತಂಗಿಯಾಗಿ ಬೋದಿಲ್ ಕ್ಯಾರ್. ಡೆನ್ಮಾರ್ಕಿಗೆ ಬಂದ ಮೊದಲ ಆಸ್ಕರ್ ಅದಕ್ಕೇ.

ಮಕ್ಕಳಿಗೆ ಎಲ್ಲಿಂದ ಶುರು ಮಾಡೋದು ಅಂತ ಕೇಳ್ತೀರಿ, ಗೊತ್ತು. ಆರು ವರ್ಷದವರಿಗೆ ಪಲ್ಲೆ, ಎಂಟು ದಾಟಿದವರಿಗೆ ಗುಮ್ಮಿ ಟಾರ್ಜನ್. 'ಪೆಲ್ಲೆ'ಯನ್ನು ಹನ್ನೆರಡು ಹದಿಮೂರಕ್ಕೆ, ನೀವೂ ಪಕ್ಕದಲ್ಲಿ ಕೂತು. ಮಗನನ್ನು ಹೊಡೆದವನಿಗೆ ಬುದ್ಧಿ ಕಲಿಸ್ತೀನಿ ಅಂತ ಹೊರಟ ಬಡ ಅಪ್ಪ ಏನೂ ಮಾಡಲಾಗದೆ ವಾಪಸ್ ಬರುವ ದೃಶ್ಯ ಇದೆ ಅದರಲ್ಲಿ, ಮಕ್ಕಳು ಆಗ ನಮ್ಮ ಮುಖ ನೋಡ್ತಾರೆ. 'ಫೆಸ್ಟನ್' ಮತ್ತು 'ಯಾಗ್ಟನ್' ದೊಡ್ಡವರಿಗೆ ಮಾತ್ರ, ಮಕ್ಕಳು ಮಲಗಿದ ಮೇಲೆ. 'ಓರ್ಡೆಟ್' ನಾನಿನ್ನೂ ಮಗಳಿಗೆ ತೋರಿಸಿಲ್ಲ. ಮಾರೆನ್‌ಳ ವಯಸ್ಸನ್ನು ಅವಳು ಆಗಲೇ ದಾಟಿಬಿಟ್ಟಿದ್ದಾಳೆ. ಈ ಚಳಿಗಾಲದಲ್ಲೇ ಕರಕೊಂಡು ಹೋಗಬೇಕು.