ಸತ್ಯಾಂಶ: 7,000 ಡಾಲರ್‌ಗೆ ಥಿಯೇಟರ್ ಸಿನಿಮಾ ಆಯ್ತಾ?

"ರಾಬರ್ಟ್ ರೋಡ್ರಿಗಸ್ ಬರೀ 7,000 ಡಾಲರ್‌ನಲ್ಲಿ 'ಎಲ್ ಮರಿಯಾಚಿ' ಮಾಡಿ ಥಿಯೇಟರ್‌ಗೆ ತಂದರು, ನೀವೂ ಮಾಡಿ" ಅನ್ನುವ ಫಾರ್ವರ್ಡ್ ಆಗಾಗ ಬರುತ್ತದೆ. ರೋಡ್ರಿಗಸ್ ಅಮೆರಿಕದ ಸಿನಿಮಾ ನಿರ್ದೇಶಕ. ಈ ಮಾತು ಅರ್ಧ ನಿಜ.

ಆ ದುಡ್ಡಿನಲ್ಲಿ ಮುಗಿದಿದ್ದು ಶೂಟಿಂಗ್, ವಿಡಿಯೊ ಎಡಿಟಿಂಗ್ ಅಷ್ಟೇ. ಅದನ್ನು ಹೊಂದಿಸಲು ಅವರು ಔಷಧ ಪ್ರಯೋಗಕ್ಕೆ ಮೈಯೊಡ್ಡಿದ್ದರು. ಮೆಕ್ಸಿಕೊದ ಗಡಿ ಊರೊಂದರಲ್ಲಿ, ಎರವಲು ತಂದ 16 ಎಂಎಂ ಕ್ಯಾಮೆರಾ. ಕ್ಯಾಮೆರಾ ಸರಿಸುವ ಟ್ರಾಲಿ ಬದಲು ಗಾಲಿಕುರ್ಚಿ. ಕ್ಯಾಮೆರಾ ಸದ್ದು ಜಾಸ್ತಿ, ಹಾಗಾಗಿ ಮಾತುಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡರು. ಎಂಥ ಛಲ, ಅಲ್ವಾ? ಅವರ ಗುರಿ ಥಿಯೇಟರ್ ಅಲ್ಲ, ಸ್ಪ್ಯಾನಿಷ್ ವಿಡಿಯೊ ಮಾರುಕಟ್ಟೆ.

ಆಮೇಲೆ ಹಾಲಿವುಡ್ ಸ್ಟುಡಿಯೊ ಕೊಲಂಬಿಯಾ ಪಿಕ್ಚರ್ಸ್ ಸಿನಿಮಾವನ್ನು ಕೊಂಡಿತು. ಥಿಯೇಟರ್‌ಗೆ ಬೇಕಾದ 35 ಎಂಎಂ ಪ್ರಿಂಟ್, ಹೊಸ ಸೌಂಡ್ ಮಿಕ್ಸಿಂಗ್, ಪ್ರಚಾರಕ್ಕೆ ಮೊದಲಿನ ಖರ್ಚಿನ ಎಷ್ಟೋ ಪಟ್ಟು ಸುರಿಯಿತು. 1993ರಲ್ಲಿ ಜನ ಥಿಯೇಟರ್‌ನಲ್ಲಿ ನೋಡಿದ್ದು ಅದನ್ನೇ. ಸುಮ್ನೆ ಫಾರ್ವರ್ಡ್ ನಂಬಿ ಸಾಲ ಮಾಡುವ ಮೊದಲು ಬಿಡುಗಡೆ ಖರ್ಚನ್ನೂ ಲೆಕ್ಕ ಹಾಕಿ.