ಅರ್ಕಾವೊತ್ತಾದ ಜನಮತ

ವಿಶ್ವಸಂಸ್ಥೆಯವರು ಮತ್ತೊಂದು ವಾಯಿದೆ ಕೊಟ್ಟಿದ್ದಾರೆ. 2025ರ ಅಕ್ಟೋಬರ್ 31ರಂದು ಭದ್ರತಾ ಮಂಡಳಿ 2797ನೇ ನಿರ್ಣಯ ಪಾಸು ಮಾಡಿ, ಮೊರಾಕೊ ತನ್ನದೆನ್ನುವ, ಅಲ್ಲಿನ ಸಹ್ರಾವಿ ಜನ ತಮ್ಮದೆನ್ನುವ ಪಶ್ಚಿಮ ಸಹಾರಾದಲ್ಲಿರುವ ತನ್ನ ‘ಮಿನುರ್ಸೊ’ ನಿಯೋಗದ ಅವಧಿಯನ್ನು ಇನ್ನೊಂದು ವರ್ಷ ಎಳೆಯಿತು. ಹನ್ನೊಂದು ಮತ ಪರ. ರಷ್ಯಾ, ಚೀನಾ, ಪಾಕಿಸ್ತಾನ ತಟಸ್ಥ. ಅಲ್ಜೀರಿಯಾ ಮತವನ್ನೇ ಹಾಕಲಿಲ್ಲ. ಅಜ್ಜನ ಕಾಲದ ಬಾಂದಿನ ಜಗಳ ಹೊತ್ತುಕೊಂಡು ಕಲಬುರಗಿ ಕೋರ್ಟಿನ ಬೇವಿನ ಮರದಡಿ ಕೂತವರಿಗೆ ಈ ಸುದ್ದಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿನುರ್ಸೊ ಅಂದರೆ ಪಶ್ಚಿಮ ಸಹಾರಾದಲ್ಲಿ ಜನಮತಗಣನೆ ನಡೆಸಲೆಂದೇ ಹುಟ್ಟಿದ ನಿಯೋಗ. ಫ್ರೆಂಚ್ ಹೆಸರಿನ ಮೊದಲಕ್ಷರಗಳು. ಅದರಲ್ಲಿ ‘ರ’ ಅಂದರೆ ರೆಫರೆಂಡಂ. ಕನ್ನಡದಲ್ಲಿ ಬರೆದು ನೋಡಿ, ಆ ‘ರ’ ಅರ್ಕಾವೊತ್ತಾಗಿ ‘ಸೊ’ದ ಬಾಲಕ್ಕೆ ಜೋತುಬಿದ್ದಿದೆ. ಬಾಯಲ್ಲಿ ಹೇಳುವಾಗ ಮೊದಲು, ಬರೆಯುವಾಗ ಕೊನೆಗೆ. ನಮ್ಮ ಲಿಪಿಗೆ ಇಷ್ಟು ದೂರದೃಷ್ಟಿ ಇದೆಯೆಂದು ಯಾವ ಕನ್ನಡ ಮಾಸ್ತರರೂ ಹೇಳಿರಲಿಲ್ಲ.

1991ರ ಏಪ್ರಿಲ್‌ನಲ್ಲಿ ನಿಯೋಗ ಸ್ಥಾಪನೆ, ಸೆಪ್ಟೆಂಬರ್ 6ಕ್ಕೆ ಮೊರಾಕೊಗೂ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಸಹ್ರಾವಿ ಸಂಘಟನೆ ಪೊಲಿಸಾರಿಯೊಗೂ ಕದನವಿರಾಮ, 1992ರ ಜನವರಿಗೆ ಮತದಾನ. ಕೇಳುವುದು ಒಂದೇ ಮಾತು: ಸ್ವತಂತ್ರ ಇರುತ್ತೀರೋ, ಮೊರಾಕೊ ಜೊತೆ ಸೇರುತ್ತೀರೋ? ನಾಲ್ಕು ತಿಂಗಳ ಕೆಲಸ. ಒಂದು ಮಾತ್ರ ಬಾಕಿ ಇತ್ತು. ಮತ ಹಾಕುವವರು ಯಾರು?

ಇದಕ್ಕೆ ಐದು ಅರ್ಹತೆ ಮಾಡಿದರು. ಆಗ ಅಲ್ಲಿ ಆಳುತ್ತಿದ್ದ ಸ್ಪೇನಿನವರು 1974ರಲ್ಲಿ ಮಾಡಿದ ಜನಗಣತಿಯಲ್ಲಿ ಹೆಸರಿದ್ದವರು, ಒಟ್ಟು 73,497 ಜನ. ಆಗ ಅಲ್ಲೇ ಇದ್ದೂ ಎಣಿಕೆಗೆ ಸಿಗದವರು. ಈ ಇಬ್ಬರ ತಂದೆ, ತಾಯಿ, ಮಕ್ಕಳು. ಅಲ್ಲಿ ಹುಟ್ಟಿದ ಸಹ್ರಾವಿ ತಂದೆಯ ಮಕ್ಕಳು. ಕೊನೆಯದು, ಅಲ್ಲಿನ ಬುಡಕಟ್ಟಿನವರಾಗಿ 1974ರ ಡಿಸೆಂಬರ್ 1ಕ್ಕೆ ಮುಂಚೆ ಸತತ ಆರು ವರ್ಷ, ಇಲ್ಲವೇ ಬಿಟ್ಟು ಬಿಟ್ಟು ಹನ್ನೆರಡು ವರ್ಷ ಅಲ್ಲಿ ವಾಸವಿದ್ದವರು. ಒಂಟೆ ಹೊಡೆದುಕೊಂಡು ಮಳೆ ಬಿದ್ದ ಕಡೆ ನಡೆಯುವ ಜನರಿಗೆ, ‘ಬಿಟ್ಟು ಬಿಟ್ಟು ಹನ್ನೆರಡು ವರ್ಷ ಎಲ್ಲಿದ್ದಿರಿ, ದಾಖಲೆ ತನ್ನಿ’ ಎಂದರೆ ಏನು ತರುತ್ತಾರೆ? ಇಲ್ಲಿ ಕಲ್ಯಾಣ ಕರ್ನಾಟಕದ ಮೀಸಲಾತಿಯ 371(ಜೆ) ಪ್ರಮಾಣಪತ್ರಕ್ಕೆ ಹತ್ತು ವರ್ಷ ಇದೇ ಊರಲ್ಲಿದ್ದೆವೆಂದು ತೋರಿಸಲು, ಶಾಲೆಯ ದಾಖಲಾತಿ, ರೇಷನ್ ಕಾರ್ಡು, ಮತದಾರರ ಪಟ್ಟಿ ಹಿಡಿದುಕೊಂಡು ಕೌಂಟರಿನಿಂದ ಕೌಂಟರಿಗೆ ಅಲೆಯುವ ಜನಕ್ಕೆ ಈ ಫಜೀತಿ ಅರ್ಥವಾದೀತು. ಇಲ್ಲಿ ಮನೆಗೆ ಕನಿಷ್ಠ ನಾಲ್ಕು ಗೋಡೆಯಾದರೂ ಇರುತ್ತದೆ.

ಕಾಗದ ಇಲ್ಲದವರಿಗೆ ಬಾಯಿಮಾತಿನ ಸಾಕ್ಷಿ. ಒಂದೊಂದು ಉಪಪಂಗಡವನ್ನು ಸರದಿಯಲ್ಲಿ ಕರೆಯುತ್ತಿದ್ದರು. ಆಯೋಗದವರ ಎದುರಿಗೆ ಮೊರಾಕೊ ಕಡೆಯ ಒಬ್ಬ ಶೇಖ್, ಪೊಲಿಸಾರಿಯೊ ಕಡೆಯ ಒಬ್ಬ ಶೇಖ್, ಸುತ್ತ ವೀಕ್ಷಕರು. ‘ಹೌದು, ಇವನು ನಮ್ಮ ಇಂಥವನ ಮಗ’ ಎಂದು ಇಬ್ಬರೂ ಅಂದರೆ ಕೆಲಸ ಸಲೀಸು. ಒಬ್ಬ ಹೂಂ, ಇನ್ನೊಬ್ಬ ಉಹೂಂ ಎಂದರೆ ತಕರಾರು. ಒಬ್ಬ ಶೇಖ್ ಬರಲೇ ಇಲ್ಲ ಅಂದರೆ ಆ ದಿನದ ಬೈಠಕ್ ಬರ್ಖಾಸ್ತು. ಪಂಚರಲ್ಲಿ ಒಬ್ಬ ಗೈರಾದರೆ ಪಂಚನಾಮೆ ನಿಲ್ಲುವ ವಿದ್ಯೆ ನಮ್ಮ ಜಿಲ್ಲೆಯದೇ ಎಂಬ ಅಭಿಮಾನ ಇನ್ನು ಬಿಡಬೇಕು. 1994ರಲ್ಲಿ ಶುರುವಾದ ಗುರುತಿನ ಕೆಲಸ 1996ರಲ್ಲಿ ನಿಂತಿತು, 1997ರ ಕೊನೆಗೆ ಮತ್ತೆ ಎದ್ದಿತು. ಎಚ್41, ಎಚ್61, ಜೆ51/52 ಎಂಬ ಕೋಡು ಹಚ್ಚಿದ ಪಂಗಡಗಳ ಅರ್ಜಿಗಳ ಮೇಲೆ ವರ್ಷಗಟ್ಟಲೆ ಹಗ್ಗಜಗ್ಗಾಟ. ಮನುಷ್ಯರನ್ನು ಹೈಬ್ರಿಡ್ ಬೀಜದ ಪ್ಯಾಕೆಟಿನ ನಂಬರಿನಿಂದ ಕರೆದದ್ದು ಅಂತರರಾಷ್ಟ್ರೀಯ ಕಾನೂನಿನ ಸೌಂದರ್ಯ.

ಆದರೂ ಒಂದು ಪವಾಡ ನಡೆಯಿತು, ಪಟ್ಟಿ ತಯಾರಾಯಿತು! 1,98,469 ಜನರನ್ನು ವಿಚಾರಿಸಿ 86,386 ಮಂದಿ ಅರ್ಹರೆಂದು 2000ದ ಜನವರಿಯ ಹೊತ್ತಿಗೆ ಪ್ರಕಟಿಸಿದರು. ಪಟ್ಟಿ ಬಂತು, ಚುನಾವಣೆ ಹೋಯಿತು. ತಿರಸ್ಕೃತರ ಕಡೆಯಿಂದ 1.3 ಲಕ್ಷಕ್ಕೂ ಹೆಚ್ಚು ಮೇಲ್ಮನವಿ ಬಿದ್ದವು. ಫಲಿತಾಂಶವನ್ನು ಯಾರಾದರೂ ಒಪ್ಪದಿದ್ದರೆ ಜಾರಿ ಮಾಡುವ ದಾರಿಯೇ ಇಲ್ಲ ಎಂಬ ಜ್ಞಾನೋದಯ ಪ್ರಧಾನ ಕಾರ್ಯದರ್ಶಿಗಳಿಗೆ ಅದೇ ಫೆಬ್ರುವರಿಯಲ್ಲಿ ಆಯಿತು. ಒಂಬತ್ತು ವರ್ಷ ಅಡಿಗೆ ಮಾಡಿ, ಎಲೆ ಹಾಕುವಾಗ ಬಡಿಸುವವರೇ ಇಲ್ಲವಲ್ಲ ಎಂದಂತೆ.

2003ರಲ್ಲಿ ವಿಶ್ವಸಂಸ್ಥೆಯ ದೂತ, ಅಮೆರಿಕದ ಜೇಮ್ಸ್ ಬೇಕರ್ ಇನ್ನೊಂದು ಉಪಾಯ ತಂದರು. ಮೊದಲು ಕೆಲ ವರ್ಷ ಸ್ವಾಯತ್ತತೆ, ಆಮೇಲೆ ಮತ, ಅದರಲ್ಲಿ ಮೊರಾಕೊದಿಂದ ಬಂದು ನೆಲೆಸಿದವರೂ ಮತ ಹಾಕಬಹುದು. ಪೊಲಿಸಾರಿಯೊ ಒಪ್ಪಿತು. ತನ್ನವರಿಗೂ ಮತ ಕೊಟ್ಟ ಚುನಾವಣೆಯನ್ನು ಮೊರಾಕೊ ಒಪ್ಪಲಿಲ್ಲ! ಮರುವರ್ಷ ಬೇಕರ್ ರಾಜೀನಾಮೆ ಕೊಟ್ಟರು. ಬುದ್ಧಿವಂತರು.

ಈಗಿನ ನಿರ್ಣಯವಂತೂ ಎಲ್ಲವನ್ನೂ ಸುಲಭ ಮಾಡಿದೆ. ಮೊರಾಕೊ 2007ರಲ್ಲಿ ಕೊಟ್ಟ ಸ್ವಾಯತ್ತತೆಯ ಪ್ರಸ್ತಾವವೇ ಮಾತುಕತೆಗೆ ಬುನಾದಿಯಂತೆ, ಸ್ವಯಂನಿರ್ಣಯದ ಹಕ್ಕೂ ಇದೆಯಂತೆ. ಖಾನಾವಳಿಯಲ್ಲಿ ಕೇಳಿದ ಹಾಗೆ:

“ಪಲ್ಯ ಏನೇನ್ ಅದಾವ್ರಿ?”

“ಬದ್ನಿಕಾಯಿ ಅದ ರೀ.”

“ಮತ್ತೇನ್?”

“ಮತ್ತ ಅದರಾಗ ಯಾವುದ್ ಬೇಕೋ ಆರಿಸ್ಕೋರಿ, ನಿಮ್ಮಿಷ್ಟ.”

ವಿಶ್ವಸಂಸ್ಥೆಯ ಬಾಕಿ ಪಟ್ಟಿಗೂ ಕಲಬುರಗಿಗೂ ಹಳೆಯ ನಂಟು. 1948ರ ಆಗಸ್ಟ್‌ನಲ್ಲಿ ಆಗ ನಮ್ಮನ್ನಾಳುತ್ತಿದ್ದ ಹೈದರಾಬಾದಿನ ನಿಜಾಮರು ಭಾರತದ ಮೇಲೆ ಭದ್ರತಾ ಮಂಡಳಿಗೆ ದೂರು ಕೊಟ್ಟರು. ಮಂಡಳಿ ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ, ನಿಜಾಮರು ಕೈಚೆಲ್ಲಿದ್ದು 17ಕ್ಕೆ. 1949ರ ಮೇ 24ರ ಚರ್ಚೆಯೇ ಕೊನೆ. ಆಮೇಲೆ ದಶಕಗಟ್ಟಲೆ ‘ಹೈದರಾಬಾದ್ ಪ್ರಶ್ನೆ’ ಎಂಬ ಸಾಲು ಅವರ ಪಟ್ಟಿಯಲ್ಲಿ ಹಾಗೇ ಉಳಿಯಿತು. ಇಲ್ಲಿ ಏಕೀಕರಣವಾಯಿತು, ಕಲಂ 371(ಜೆ) ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಆಯಿತು. ನಮ್ಮ ನಸೀಬು ಗಟ್ಟಿ, ನ್ಯೂಯಾರ್ಕಿನವರನ್ನು ಕಾಯುತ್ತ ಕೂರಲಿಲ್ಲ.

ಇನ್ನು ಗೊಬ್ಬರ. ಒಣ ಬೇಸಾಯದ ತೊಗರಿಗೆ ಎಕರೆಗೆ ಹೆಚ್ಚುಕಡಿಮೆ ಒಂದು ಚೀಲ ಡಿಎಪಿ. 50 ಕೆ.ಜಿ. ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ. ಮೃಗಶಿರಾ ಮಳೆಗೆ ಇದಕ್ಕಾಗಿ ಆಧಾರ್ ಹಿಡಿದು ಪಾಳಿ ಹಚ್ಚುತ್ತೇವಲ್ಲ, ಆ ರಂಜಕದ ಕಲ್ಲಿನ ಜಗತ್ತಿನ ಅತಿ ದೊಡ್ಡ ನಿಕ್ಷೇಪ ಮೊರಾಕೊದ ಕೈಯಲ್ಲಿದೆ. ಭಾರತ ಅದರ ದೊಡ್ಡ ಗಿರಾಕಿ. ಪಶ್ಚಿಮ ಸಹಾರಾದ ಬೂ ಕ್ರಾದಲ್ಲೂ ಗಣಿ ಇದೆ. ಅಲ್ಲಿಂದ ಸಮುದ್ರದ ದಂಡೆವರೆಗೆ ಸುಮಾರು ನೂರು ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟ್, ಅಂದರೆ ಇಲ್ಲಿಂದ ಹೆಚ್ಚುಕಡಿಮೆ ಬೀದರಿನವರೆಗೆ. ನಾವು ಅಷ್ಟು ದೂರಕ್ಕೆ ರೈಲು ಬಿಡಲು 2017ರವರೆಗೆ ಕಾದೆವು, ಅವರು ಕಲ್ಲಿಗೇ ಎಪ್ಪತ್ತರ ದಶಕದಲ್ಲಿ ಸವಾರಿ ಕೊಟ್ಟರು. ಭಾರತ 1985ರಲ್ಲಿ ಪೊಲಿಸಾರಿಯೊ ಘೋಷಿಸಿದ ಸಹ್ರಾವಿ ಗಣರಾಜ್ಯವನ್ನು ಮಾನ್ಯ ಮಾಡಿತ್ತು, 2000ದಲ್ಲಿ ಮಾನ್ಯತೆ ವಾಪಸು ಪಡೆಯಿತು. ಇದಕ್ಕೂ ಗೊಬ್ಬರಕ್ಕೂ ಗಂಟು ಹಾಕುವುದು ಪಾಪ. ನಾವು ಪಾಪ ಮಾಡುವುದಿಲ್ಲ.

ಸಾಕು ಈ ತಮಾಷೆ. 1975ರ ಅಕ್ಟೋಬರ್ 16ರಂದು ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಿತ್ತು: ಕೆಲವು ಬುಡಕಟ್ಟುಗಳಿಗೆ ಮೊರಾಕೊ ಸುಲ್ತಾನನ ಮೇಲೆ ನಿಷ್ಠೆ ಇದ್ದಿರಬಹುದು, ಆದರೆ ಆ ನೆಲದ ಮೇಲೆ ಮೊರಾಕೊಗೆ ಒಡೆತನ ಇರಲಿಲ್ಲ, ಅಲ್ಲಿನವರನ್ನೇ ಕೇಳಿ ಎಂದು. ಮೂರು ವಾರಕ್ಕೆ ಮೊರಾಕೊದವರು ತಮ್ಮ ಮೂರೂವರೆ ಲಕ್ಷ ಜನರನ್ನು ಗಡಿ ದಾಟಿಸಿದರು. ಆಮೇಲೆ 2,700 ಕಿ.ಮೀ. ಮರಳು-ಕಲ್ಲಿನ ಒಡ್ಡು, ಒಡ್ಡಿನ ಉದ್ದಕ್ಕೂ ನೆಲಬಾಂಬು. ಆಚೆ ಅಲ್ಜೀರಿಯಾದ ಟಿಂಡೂಫ್ ಬಳಿಯ ಐದು ನಿರಾಶ್ರಿತರ ಶಿಬಿರಗಳಲ್ಲಿ 1.7 ಲಕ್ಷಕ್ಕೂ ಮಿಕ್ಕಿ ಸಹ್ರಾವಿ ಜನ ಇದ್ದಾರೆಂದು ವಿಶ್ವಸಂಸ್ಥೆಯ 2018ರ ಅಂದಾಜು. ಈ ನಿಯೋಗಕ್ಕೆ ಮಾನವ ಹಕ್ಕುಗಳ ಮೇಲೆ ಕಣ್ಣಿಡುವ ಅಧಿಕಾರವನ್ನೂ ಕೊಟ್ಟಿಲ್ಲ. ಮತ ಹಾಕಿಸುವುದಿಲ್ಲ, ಹೊಡೆದರೆ ಬರೆದುಕೊಳ್ಳುವುದೂ ಇಲ್ಲ. ಮತ್ತೆ ಯಾಕಿದ್ದೀರಪ್ಪಾ ಅಲ್ಲಿ?

ಶಿಬಿರಗಳಿಗೆ ಅವರು ಬಿಟ್ಟುಬಂದ ಊರುಗಳ ಹೆಸರನ್ನೇ ಇಟ್ಟುಕೊಂಡಿದ್ದಾರೆ: ಲಾಯೂನ್, ಸ್ಮಾರಾ, ದಾಖ್ಲಾ, ಅವ್ಸೆರ್ದ್, ಬೂಜ್ದೂರ್. 1974ರ ಗಣತಿಯಲ್ಲಿ ಹದಿನೆಂಟು ತುಂಬಿ ಅರ್ಹತೆ ನಂಬರ್ ಒಂದರಲ್ಲಿ ಸೇರಿದವರಿಗೆ ಈಗ ಎಪ್ಪತ್ತರ ಹತ್ತಿರ. ಮುಂದಿನ ವಾಯಿದೆ 2026ರ ಅಕ್ಟೋಬರ್ 31.