ಒಂದು ಹೊರೆ ಹುಲ್ಲಿನ ಲೆಕ್ಕ

ಏಪ್ರಿಲ್ ಬಂತು ಅಂದರೆ ಗುಂಡ್ಲುಪೇಟೆ ಕಡೆಯಿಂದ ನನ್ನ ಭಾಮೈದನ ಫೋನ್ ಗ್ಯಾರಂಟಿ. ಮಾತು ಪ್ರತಿ ವರ್ಷ ಒಂದೇ. "ಭಾವ, ಹಸು ಬಾಯಿ ಬಿಟ್ಕೊಂಡು ಏದುಸಿರು ಬಿಡ್ತಾ ಇದೆ. ಫ್ಯಾನ್ ಹಾಕಿದೀನಿ, ಒದ್ದೆ ಗೋಣಿಚೀಲ ಹೊದಿಸಿದೀನಿ, ಆದ್ರೂ ಹೊತ್ತಿಗೆ ಎರಡು ಲೀಟರ್ ಹಾಲು ಇಳಿದೋಯ್ತು. ನಿಮಗೇನು ಬಿಡಿ, ನಿಮ್ಮೂರು ಫ್ರಿಜ್ಜು ಇದ್ದಂಗೆ. ಎಂಥಾ ಎಚ್‌ಎಫ್ ಬೇಕಾದ್ರೂ ಕಟ್ಟಬಹುದು." ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್, ಕಪ್ಪು ಬಿಳುಪಿನ ಸೀಮೆ ಹಸು.

ನಮ್ಮೂರು ಅಂದರೆ ನೀಲಗಿರಿ, ಊಟಿಯ ಹತ್ತಿರ. ತರಕಾರಿ ವ್ಯಾಪಾರಕ್ಕೆ ಅಂತ ಬಂದವನು ಇಲ್ಲೇ ನಿಂತುಬಿಟ್ಟೆ, 22 ವರ್ಷ ಆಯಿತು. ಇಲ್ಲಿನ ಬಡಗ ಸಮುದಾಯದವರು ಊರಿಗೇ ಹಟ್ಟಿ ಅನ್ನುತ್ತಾರೆ. ನಮ್ಮ ಕಡೆ ದನ ಕಟ್ಟುವ ಜಾಗಕ್ಕೂ ಹಟ್ಟಿ ಅನ್ನುವುದುಂಟು, ಅಲ್ವಾ? ಬಂದ ಹೊಸದರಲ್ಲಿ ಆ ಒಂದು ಮಾತೇ ನನಗೆ ಅರ್ಧ ತವರಾಯಿತು. ಮಸಿನಗುಡಿ ದಾರಿಯಲ್ಲಿ ಬಂದರೆ ಭಾಮೈದನ ಮನೆಗೂ ನನ್ನ ಮನೆಗೂ ನೂರು ಕಿಲೋಮೀಟರೂ ಇಲ್ಲ. ಆದರೆ ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಹೆಪ್ಪುಗಟ್ಟಿರುತ್ತದೆ.

ಚಳಿ ಊರಿಗೆ ಎಚ್‌ಎಫ್ ಅನ್ನುವುದು ಭಾಮೈದನೊಬ್ಬನ ಮಾತಲ್ಲ. ತಮಿಳುನಾಡು ಸರ್ಕಾರದ ತಳಿ ನೀತಿಯೂ ಅದೇ: ಬಯಲಿಗೆ ಸಣ್ಣ ಮೈಯ ಜರ್ಸಿ; ನೀಲಗಿರಿ, ಕೊಡೈಕೆನಾಲ್‌ನಂಥ ಬೆಟ್ಟಕ್ಕೆ ಫ್ರೀಷಿಯನ್. ಇದು ಸುಮ್ನೆ ಮಾಡಿದ್ದಲ್ಲ. ಫ್ರೀಷಿಯನ್ ಬಂದದ್ದೇ ಹಾಲೆಂಡ್, ಉತ್ತರ ಜರ್ಮನಿ ಕಡೆಯಿಂದ. ಐದರಿಂದ ಇಪ್ಪತ್ತು ಡಿಗ್ರಿ ಒಳಗೆ ಅದಕ್ಕೆ ಹಿತ. ಇಪ್ಪತ್ತೈದು ದಾಟಿದರೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಬಯಲಿನಲ್ಲಿ ಸೀಮೆ ರಕ್ತ ಅರ್ಧ, ಹೆಚ್ಚೆಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಇರಲಿ ಅಂತ ಬಲ್ಲವರು ಹೇಳಿಕೊಂಡು ಬಂದಿದ್ದಾರೆ. ನಮ್ಮ ಭಾಮೈದನ ಹಸು ಕಿವಿಯಿಂದ ಬಾಲದವರೆಗೆ ಹಾಲೆಂಡೇ. ಏದುಸಿರು ಬಿಡದೆ ಇನ್ನೇನು ಮಾಡುತ್ತದೆ?

ಅವನ ತಪ್ಪು ನನಗೆ ಇಲ್ಲಿ ಕೂತು ಚೆನ್ನಾಗಿ ಕಾಣುತ್ತದೆ. ನನ್ನ ತಪ್ಪು ಕಾಣಲು ಆರು ವರ್ಷ ಬೇಕಾಯಿತು.

ಮೊದಲ ಹಸು ತಂದಾಗ ನಾನೂ ಥರ್ಮಾಮೀಟರ್ ನೋಡಿಯೇ ತಂದಿದ್ದು. ದೊಡ್ಡ ಕಪ್ಪು ಬಿಳುಪಿನ ಹಸು, ಮುಕ್ಕಾಲು ಪಾಲಿಗಿಂತ ಜಾಸ್ತಿ ಎಚ್‌ಎಫ್. ಲಾರಿಯಿಂದ ಇಳಿಸಿದಾಗ ಹಟ್ಟಿಯವರೆಲ್ಲ ಬಂದು ನೋಡಿದರು. ಚಳಿಗೆ ಅದು ಜಗ್ಗಲೇ ಇಲ್ಲ, ಅದು ನಿಜ. ಹೊಟ್ಟೆ ತುಂಬ ಹುಲ್ಲು ತಿಂದ ಹಸುವಿನ ಒಳಗೆ ಒಲೆ ಉರಿಯುತ್ತಾ ಇರುತ್ತದೆ. ಮೈ ಒಣಗಿದ್ದು, ಗಾಳಿ ನೇರ ಹೊಡೆಯದಿದ್ದರೆ ಸೊನ್ನೆ ಡಿಗ್ರಿಯೂ ಅದಕ್ಕೆ ಲೆಕ್ಕಕ್ಕಿಲ್ಲ. ನಾವು ಸ್ವೆಟರ್ ಮೇಲೆ ಶಾಲು ಹೊದ್ದು ನಡುಗುತ್ತಿದ್ದರೆ ಅದು ಬೆನ್ನ ಮೇಲೆ ಹಬೆ ಏಳಿಸಿಕೊಂಡು ಮೆಲುಕು ಹಾಕುತ್ತಿತ್ತು. ಕರುವಿನ ಮಾತು ಬೇರೆ. ಹುಟ್ಟಿದ ಕರುವಿಗೆ ಹತ್ತು ಹದಿನೈದು ಡಿಗ್ರಿಗಿಂತ ಕೆಳಗೆ ಹೋದರೆ ಕುಡಿದ ಹಾಲೆಲ್ಲ ಮೈ ಬಿಸಿ ಮಾಡಿಕೊಳ್ಳುವುದಕ್ಕೇ ಖರ್ಚು. ಅದಕ್ಕೆ ಗೋಣಿತಾಟು, ಒಣ ಹುಲ್ಲಿನ ಹಾಸು, ಒಂದು ಲೋಟ ಹಾಲು ಹೆಚ್ಚಿಗೆ ಬೇಕೇ ಬೇಕು.

ಹಸುವನ್ನು ಹಣ್ಣು ಮಾಡಿದ್ದು ಚಳಿಯಲ್ಲ, ಜುಲೈ. ಮಳೆ, ಮಂಜು, ಕೆಸರು, ಜೊತೆಗೆ ಇಳಿಜಾರು. ಇಲ್ಲಿ ಸಮತಟ್ಟು ಜಾಗ ಅಂದರೆ ಒಂದು ಮಂಚ ಹಾಕುವಷ್ಟು. 550 ಕಿಲೋ ತೂಕದ ಹಸು ಒದ್ದೆ ಮೆಟ್ಟಿಲು ಗದ್ದೆಯಲ್ಲಿ ಇಳಿಯುವುದನ್ನು ನೋಡಿದರೆ ನಮ್ಮ ಎದೆ ಝಲ್ಲೆನ್ನುತ್ತದೆ. ಎರಡು ಸಲ ಜಾರಿತು. ಗೊರಸಿನ ಸಂದಿ ಕೊಳೆತು ಕುಂಟಿತು. ಕೆಚ್ಚಲು ಬಾವು ಬಂತು. ಮಾರಿಬಿಟ್ಟೆ.

ಅದರ ಮಗಳನ್ನು ಮಾತ್ರ ಉಳಿಸಿಕೊಂಡಿದ್ದೆ. ಸಣ್ಣ ಮೈಕಟ್ಟಿನ ಕಡಸು. ಮೊದಲ ಸಲ ಬೆದೆಗೆ ಬಂದಾಗ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕುವವರು ಬಂದರು. ಯಾವ ಹೋರಿಯದು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ವೀರ್ಯದ ಕ್ಯಾನಿನಲ್ಲಿ ಇದ್ದದ್ದು ಎಚ್‌ಎಫ್, ಹಾಕಿದ್ದೂ ಎಚ್‌ಎಫ್. ಒಂಬತ್ತು ತಿಂಗಳು ತುಂಬಿ ಈಯುವ ರಾತ್ರಿ ಕರುವಿನ ಮುಂಗಾಲು ಬಂತು, ತಲೆ ಬರಲಿಲ್ಲ. ನಾಲ್ಕು ಜನ ಹಗ್ಗ ಕಟ್ಟಿ ಎಳೆದೆವು. ಮಂಜು ಎಷ್ಟು ದಟ್ಟ ಅಂದರೆ ಟಾರ್ಚ್ ಬೆಳಕು ಕೊಟ್ಟಿಗೆಯ ಬಾಗಿಲವರೆಗೂ ಹೋಗುತ್ತಿರಲಿಲ್ಲ. ಕರು ಸತ್ತೇ ಬಂತು. ಕಡಸು ಹಿಂಗಾಲು ಎತ್ತಲಾರದೆ ಒಂಬತ್ತು ದಿನ ಮಲಗಿತ್ತು. ಪಕ್ಕದ ಮನೆಯ ಬಡಗರ ಅಜ್ಜ ದಿನಾ ಬಂದು, ನಮ್ಮ ಜೊತೆ ಸೇರಿ ಅದನ್ನು ಮಗ್ಗುಲು ಬದಲಾಯಿಸುತ್ತಿದ್ದರು. ಹತ್ತನೇ ದಿನ ಎದ್ದಿತು. ಸಣ್ಣ ಕಡಸಿಗೆ ದೊಡ್ಡ ತಳಿಯ ಹೋರಿ ಹಾಕಬಾರದು, ಮೊದಲ ಕರುವಿಗೆ ಜರ್ಸಿಯಂಥ ಸಣ್ಣ ತಳಿಯೇ ವಾಸಿ ಅನ್ನುವುದು ಹಸು ಕಟ್ಟುವವರಿಗೆ ಅ ಆ ಇ ಈ ಇದ್ದ ಹಾಗೆ. ನಾನು ಅದನ್ನು ಆ ಒಂಬತ್ತು ದಿನದಲ್ಲಿ ಕಲಿತೆ.

ಇಷ್ಟಾದರೂ ನನ್ನ ತಲೆಯಲ್ಲಿ ಎಚ್‌ಎಫ್ ಭೂತ ಇಳಿದಿರಲಿಲ್ಲ. ಇಳಿಸಿದ್ದು ನನ್ನ ಹೆಂಡತಿ.

"ಹೋರಿ ಆರಿಸೋರು ನೀವು. ಹುಲ್ಲು ಹೊರೋರು ಯಾರು?" ಅಂದಳು.

ಕೂತು ಲೆಕ್ಕ ಹಾಕಿದೆ. ಹಾಲು ಕೊಡುವ ಹಸುವಿಗೆ ಅದರ ತೂಕದ ಶೇಕಡಾ 3ರಷ್ಟು ಒಣ ಅಂಶ ದಿನಕ್ಕೆ ಬೇಕು. 550 ಕಿಲೋ ಹಸುವಿಗೆ ಹದಿನಾರೂವರೆ ಕಿಲೋ. 380 ಕಿಲೋ ತೂಗುವ ಜರ್ಸಿ ಮಿಶ್ರಕ್ಕೆ ಹನ್ನೊಂದು ಚಿಲ್ಲರೆ. ಹಸಿ ಹುಲ್ಲಿನಲ್ಲಿ ಐದನೇ ಒಂದು ಪಾಲು ಒಣ ಅಂಶ, ಮಿಕ್ಕಿದ್ದೆಲ್ಲ ನೀರು. ಹಿಂಡಿ ಬೂಸಾ ಬಿಟ್ಟು ಬರೀ ಹುಲ್ಲಿನಲ್ಲಿ ಅಳೆದರೆ ಎರಡು ಹಸುಗಳ ನಡುವೆ ದಿನಕ್ಕೆ 25 ಕಿಲೋ ವ್ಯತ್ಯಾಸ. ಅಂದರೆ ಸರಿಯಾಗಿ ಒಂದು ಹೊರೆ. ಆ ಹೊರೆ ಇಳಿಜಾರಿನಿಂದ ಮೇಲಕ್ಕೆ, ಮಳೆಯಲ್ಲಿ, ಅವಳ ತಲೆಯ ಮೇಲೆ ಬರುತ್ತಿತ್ತು. ವರ್ಷಕ್ಕೆ 365 ಹೊರೆ.

ಹಾಲಿನ ಲೆಕ್ಕವನ್ನೂ ಹಾಕಬೇಕಲ್ಲ. ನಮ್ಮ ಎಚ್‌ಎಫ್ ದಿನಕ್ಕೆ 15 ಲೀಟರ್, ಕೊಬ್ಬು ಶೇಕಡಾ 3.5. ಈಗಿರುವ ಜರ್ಸಿ ಮಿಶ್ರ 11 ಲೀಟರ್, ಕೊಬ್ಬು 4.8. ಗುಣಿಸಿ ನೋಡಿ, ಬೆಣ್ಣೆಯ ತೂಕ ಎರಡರಲ್ಲೂ ಹೆಚ್ಚುಕಮ್ಮಿ ಅರ್ಧ ಕಿಲೋ ಚಿಲ್ಲರೆ, ಒಂದೇ. ದುಡ್ಡು ಮಾತ್ರ ಎಚ್‌ಎಫ್‌ಗೇ ಜಾಸ್ತಿ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೊಬ್ಬಿಗೆ ದರ ಏರಿಸುತ್ತಾರೆ, ಆದರೆ ಕೊಬ್ಬು ಏರಿದಷ್ಟು ಏರಿಸುವುದಿಲ್ಲ. ಆ ಹೆಚ್ಚಿನ ದುಡ್ಡು ಒಣಹುಲ್ಲಿನ ಲಾರಿಗೆ ಹೋಗುತ್ತಿತ್ತು.

ಒಣಹುಲ್ಲು ಎಲ್ಲಿಂದ ಬರುತ್ತದೆ ಗೊತ್ತಾ? ಗುಂಡ್ಲುಪೇಟೆ, ಮೈಸೂರು ಕಡೆಯಿಂದಲೇ! ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕುತ್ತಾರೆ, ಬೆಳಗ್ಗೆ ಆರರವರೆಗೆ ಬಿಡುವುದಿಲ್ಲ. ಲಾರಿ ತಡವಾದರೆ ಆಚೆಯೇ ನಿಲ್ಲಬೇಕು. ಭಾಮೈದನ ಮನೆಯಲ್ಲಿ ರಾಗಿ ಹುಲ್ಲಿನ ಮೆದೆ ಮನೆಯ ಎತ್ತರ ಇದೆ, ಜೋಳದ ಕಡ್ಡಿ ಬೇರೆ. ನನ್ನ ಮನೆಯಲ್ಲಿ ಗೆಣ್ಣು ಗೆಣ್ಣು ಬೇರು ಬಿಡುವ ಕಿಕುಯು ಹುಲ್ಲು. ಜನವರಿಯ ಮಂಜು ಹೊಡೆದರೆ ಅದೂ ಸುಟ್ಟ ಹಾಗೆ ಕಂದು. ಆಮೇಲೆ ಕ್ಯಾರೆಟ್ ಸೊಪ್ಪು, ಕೋಸಿನ ಎಲೆ. ಕೋಸು ಜಾಸ್ತಿ ಹಾಕಿದರೆ ಹಾಲೂ ಕೋಸಿನ ವಾಸನೆ. ಹುಲ್ಲಿರುವಲ್ಲಿ ಬಿಸಿಲು, ತಂಪಿರುವಲ್ಲಿ ಹುಲ್ಲಿಲ್ಲ. ಇಬ್ಬರ ಕೊಟ್ಟಿಗೆಯಲ್ಲೂ ಅದೇ ಕಪ್ಪು ಬಿಳುಪು.

ಹುಲ್ಲು ಸಾಲದೆ ಹೋದಾಗ ದೊಡ್ಡ ಹಸು ಬೇಲಿ ದಾಟಿ ಶೋಲಾ ಕಾಡಿನ ಅಂಚಿಗೆ ಹೋಗುತ್ತದೆ. ಅಲ್ಲಿ ಬೆಳೆದಿರುವುದು ಜರಿಗಿಡ. ಒಂದು ಜಾತಿಯ ಜರಿಗಿಡವನ್ನು ಹಸಿವಿಗೆ ವರ್ಷಗಟ್ಟಲೆ ಮೇಯ್ದ ದನಕ್ಕೆ ಮೂತ್ರದಲ್ಲಿ ರಕ್ತ ಬರುವ ರೋಗ ಅಂಟುತ್ತದೆ. ನೀಲಗಿರಿಯಲ್ಲಿ ಇದು ಹಳೆಯ ರೋಗ. ಬಡಗರ ಅಜ್ಜ ದನದ ಹಿಂದೆ ನಡೆಯುವಾಗ ನೆಲ ನೋಡಿಕೊಂಡೇ ನಡೆಯುತ್ತಾರೆ, ಗಂಜಲದ ಬಣ್ಣ ಕಾಣಲಿ ಅಂತ.

ಚಳಿ ಅಂದ ಕೂಡಲೇ ಎಚ್‌ಎಫ್ ಅನ್ನುವವರು ನಮಗಿಂತ ಚಳಿ ಇರುವ ಊರುಗಳನ್ನು ನೋಡಬೇಕು. ಕಾಶ್ಮೀರ, ಹಿಮಾಚಲದ ಬೆಟ್ಟಗಳಲ್ಲಿ ಬಹಳ ಕಾಲ ಮೊದಲ ಮಣೆ ಸಿಕ್ಕಿದ್ದು ಜರ್ಸಿಗೆ. ಅಲ್ಲೂ ತುಂಡು ಜಮೀನು, ಕಡಿದಾದ ದಾರಿ, ಹೆಂಗಸರ ಬೆನ್ನಿನ ಮೇಲೆ ಹುಲ್ಲು. ಪಕ್ಕದ ಕೇರಳದವರು ಇನ್ನೊಂದು ದಾರಿ ಹಿಡಿದರು. 1963ರಲ್ಲಿ ಸ್ವಿಸ್ ಸರ್ಕಾರದ ಜೊತೆ ಸೇರಿ ಮೂನ್ನಾರ್ ಹತ್ತಿರದ ಮಾಟ್ಟುಪೆಟ್ಟಿಯಲ್ಲಿ ಊರ ದನಕ್ಕೆ ಬ್ರೌನ್ ಸ್ವಿಸ್ ಹೋರಿ ಕೂಡಿಸಿದರು. ಆಲ್ಪ್ಸ್ ಬೆಟ್ಟ ಹತ್ತಿ ಇಳಿದು ಪಳಗಿದ ತಳಿ ಅದು, ಕಾಲು ಗಟ್ಟಿ. ಆಮೇಲೆ ಜರ್ಸಿ, ಎಚ್‌ಎಫ್ ರಕ್ತವೂ ಸೇರಿ ಸುನಂದಿನಿ ಆಯಿತು. ಅದಕ್ಕೆ ಬೆಲೆ ತೆತ್ತದ್ದು ಊರ ತಳಿಗಳು. ವೆಚ್ಚೂರಿನಂಥ ಸಣ್ಣ ಹಸು ಮುಗಿದೇ ಹೋಗುವ ಹಂತಕ್ಕೆ ಬಂದಿತ್ತು. ಹಾಗಾಗಿ ಅವರನ್ನು ಪೂರ್ತಿ ಹೊಗಳಲಾರೆ. ಆದರೂ ಬೆಟ್ಟಕ್ಕೆ ಬೆಟ್ಟದ ತಳಿ ಅಂತ ಯೋಚನೆ ಮಾಡಿದರಲ್ಲ, ಅದು ನನಗೆ ಹಿಡಿಸುತ್ತದೆ.

ನಮ್ಮ ಬೆಟ್ಟದ್ದೇ ತಳಿ ಬೇಕು ಅಂದರೆ ಇಲ್ಲಿನ ತೋಡ ಬುಡಕಟ್ಟಿನವರ ಎಮ್ಮೆ ಇದೆ. ಈ ಮಳೆ, ಈ ಚಳಿ, ಈ ಹುಲ್ಲು, ಎಲ್ಲಕ್ಕೂ ಒಗ್ಗಿದ ಜೀವ. ಹಾಲಿನ ಕೊಬ್ಬು 8ರ ಆಸುಪಾಸು. ಆದರೆ ಹಾಲು ಕಮ್ಮಿ, ಕೊಂಬು ನೋಡಿದರೆ ನನಗೆ ಭಯ!

ಈಗ ನಾನು ಮಾಡುವುದು ಇಷ್ಟು. ಕಡಸಿನ ಮೊದಲ ಕರುವಿಗೆ ಜರ್ಸಿಯೇ. ಎರಡು ಮೂರು ಈದು ಮೈ ತುಂಬಿದ ಹಸುವಿಗೆ, ಆ ವರ್ಷ ಹುಲ್ಲು ಇದ್ದರೆ ಎಚ್‌ಎಫ್. ಇಲ್ಲದಿದ್ದರೆ ಮತ್ತೆ ಜರ್ಸಿ. ವೀರ್ಯ ತುಂಬಿದ ಸ್ಟ್ರಾ, ಅಂದರೆ ಸಣ್ಣ ಕೊಳವೆಯ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಹಾಕಿದ ಮೇಲೆ ಅದನ್ನು ಎಸೆಯಲು ಬಿಡುವುದಿಲ್ಲ, ಇಸಿದುಕೊಂಡು ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ. ಮೂರು ವರ್ಷದ ಮೇಲೆ ಮಗಳಿಗೆ ಅಪ್ಪನದೇ ಬೀಳಬಾರದಲ್ಲ. ಬಂದವರು ಒಂದೊಂದು ಸಲ ಗೊಣಗುತ್ತಾರೆ. ಕ್ಯಾನಿನಲ್ಲಿ ಎರಡೂ ತಳಿ ತನ್ನಿ, ನಾವು ಆರಿಸಿಕೊಳ್ಳುತ್ತೇವೆ ಅನ್ನುವುದೊಂದೇ ನನ್ನ ಬೇಡಿಕೆ. ಬೆಟ್ಟ ಅಂದರೆ ಫ್ರೀಷಿಯನ್ ಅಂತ ಕಾಗದದಲ್ಲಿ ಬರೆದವರಿಗೆ ಬೆಟ್ಟದ ಎತ್ತರ ಗೊತ್ತಿತ್ತು, ಇಳಿಜಾರು ಲೆಕ್ಕಕ್ಕೆ ಬಂದಿರಲಿಲ್ಲ ಅಂತ ನನ್ನ ಗುಮಾನಿ.

ಹೋದ ಸಂಕ್ರಾಂತಿಗೆ ಭಾಮೈದ ಬಂದಿದ್ದ. ಕೊಟ್ಟಿಗೆಯಲ್ಲಿ ಕಂದು ಬಣ್ಣದ, ದೊಡ್ಡ ಕಣ್ಣಿನ ಹಸು ನೋಡಿ, "ಇಷ್ಟು ತಂಪಲ್ಲಿ ಕೂತ್ಕೊಂಡು ಇದೇನು ಭಾವ, ಆಡಿನಷ್ಟು ಹಸು ಕಟ್ಟಿದೀರ" ಅಂತ ನಕ್ಕ. ಅವನ ಅಕ್ಕ ಏನೂ ಹೇಳಲಿಲ್ಲ. ಕುಡುಗೋಲು, ಹಗ್ಗ ಕೈಗೆ ಕೊಟ್ಟು, "ಕೆಳಗಿನ ಪಟ್ಟಿಯಿಂದ ಒಂದು ಹೊರೆ ತಗೊಂಡು ಬಾ ಹೋಗು" ಅಂದಳು. ಮುಕ್ಕಾಲು ಗಂಟೆ ಬಿಟ್ಟು ಬಂದ. ಹೊರೆ ಇಳಿಸಿ, ಮೆಟ್ಟಿಲ ಮೇಲೆ ಕೂತು, ಬಾಯಿ ಬಿಟ್ಟುಕೊಂಡು ಏದುಸಿರು ಬಿಟ್ಟ. ಆಮೇಲೆ ನೀರು ಕುಡಿದು ಕೇಳಿದ, "ಅಕ್ಕ, ಇದು ಈದ್ರೆ ಹೆಣ್ಣು ಕರು ನನಗೆ ಕೊಡ್ತೀಯಾ?"